ಬಾಯಿಗೆ ರಜೆ

ಒಂದು ಬೀಸುಕಲ್ಲಿಗೆ ಹೊಸದಾಗಿ ಹಲ್ಲು ಕುಟ್ಟಲು ಎರಡು ರಾಗಿಮುದ್ದೆ, ಒಂದು ಬಟ್ಟಲು ಕಾಳಿನ ಸಾರು ಖರ್ಚು. ಬರೀ ಮುದ್ದೆಯಾದರೆ ಮಧ್ಯಾಹ್ನದ ತನಕ ಕೈ ಆಡುತ್ತದೆ, ಆಮೇಲೆ ಉಳಿ ಭಾರವಾಗುತ್ತದೆ. ಮೇಲಿನ ಬಾವಿಯಿಂದ ಒಂದು ಕೊಡ ನೀರು ತರಲು ಒಂದು ಹಿಡಿ ಅನ್ನ. ಮುರಿದ ಮೊಣಕೈ ಕೂಡಲು ಒಂದು ಸೇರು ಎಳ್ಳು, ದಿನವೂ ಮಜ್ಜಿಗೆ, ಮೇಲೆ ಒಂದಿಷ್ಟು ಎಳೆಬಿಸಿಲು. ಸುಟ್ಟಲ್ಲಿ ಹೊಸ ಚರ್ಮ ಬರಲು ಮೊಟ್ಟೆ. ಮೊಟ್ಟೆ ಮುಟ್ಟದವರ ಮನೆಯಾದರೆ ಮೊಳಕೆ ಕಟ್ಟಿದ ಹೆಸರುಕಾಳು. ಮಬ್ಬಾದ ಕಣ್ಣಿಗೆ ಸಿಹಿಗುಂಬಳ, ಅದಕ್ಕೆ ಒಂದು ಚಮಚ ಎಣ್ಣೆ ಬಿದ್ದಿರಬೇಕು; ಎಣ್ಣೆ ಕಾಣದ ಕುಂಬಳ ಕಣ್ಣಿನ ತನಕ ಹೋಗುವುದಿಲ್ಲ. ಬಸುರಿಯ ಹೊಟ್ಟೆಯಲ್ಲಿ ಒಂದು ಕೂಸು ಬೆಳೆಯುವ ಖರ್ಚು ಎಲ್ಲಕ್ಕಿಂತ ದೊಡ್ಡದು. ಒಂದು ನುಗ್ಗೆಮರ ಬೋಳಾಗುವಷ್ಟು ಸೊಪ್ಪು, ಆ ಸೊಪ್ಪು ಮೈಗೆ ಹತ್ತುವುದಕ್ಕೆ ಒಂದು ಬುಟ್ಟಿ ನೆಲ್ಲಿಕಾಯಿ, ಒಂದು ಮೂಟೆ ರಾಗಿ, ಅದರ ಜೊತೆಗೆ ಕಾಳು, ಎಳ್ಳು, ಬೆಲ್ಲ. ಇದೆಲ್ಲ ನಮ್ಮೂರಿನ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಆಗಲೇಬೇಕು. ನಮ್ಮೂರಲ್ಲಿ ಒಬ್ಬರು ತಿಂದದ್ದು ಇನ್ನೊಬ್ಬರ ಮೈಗೆ ಹೋಗುತ್ತದೆ.

ರುಚಿ ತಿಂದವರದು. ಹೊಟ್ಟೆ ತುಂಬಿತು ಅನ್ನುವ ಸಮಾಧಾನವೂ ತಿಂದವರದೇ. ಸತ್ವ ಮಾತ್ರ ಜೋಡಿಗೆ. ನೀರು ಕುಡಿದವರಿಗೇ ಸೇರುತ್ತದೆ, ಬಿಸಿಲು ಕಾಯಿಸಿಕೊಂಡವರಿಗೇ ಸೇರುತ್ತದೆ, ಉಳಿದದ್ದೆಲ್ಲ ಆಚೆ. ಮಗು ಮೊದಲ ತುತ್ತು ಅನ್ನ ನುಂಗಿದ ದಿನ, ಜೋಡಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ಯಾರಿಗೋ ಒಬ್ಬರಿಗೆ ಊರಲ್ಲಿ ಅಂಗಾಲು ಬೆಚ್ಚಗಾಗುತ್ತದೆ. ಅವರು ಎದ್ದು ಮನೆಮನೆ ವಿಚಾರಿಸಿಕೊಂಡು ಬಂದು ಆ ಮಗುವನ್ನು ನೋಡುತ್ತಾರೆ. ಅಲ್ಲಿಂದ ಅವರಿಬ್ಬರೂ ಜೋಡಿ. ನನ್ನ ಜೋಡಿ ಬಳೆಗಾರ ಗುಂಡಯ್ಯ. ಅವನಿಗೆ ಬೆಲ್ಲದ ಮಿಠಾಯಿ ಕಂಡರೆ ಜೀವ. ನನ್ನ ಸೊಂಟದ ಸುತ್ತಳತೆ ಅವನ ದಯೆ. ಅವನು ಈ ವಯಸ್ಸಿನಲ್ಲೂ ಬಳೆಯ ಮಲಾರ ಹೊತ್ತು ಮೇಲಿನ ಬೀದಿಯ ಮೆಟ್ಟಿಲನ್ನು ಹುಡುಗನ ಹಾಗೆ ಹತ್ತುತ್ತಾನೆ. ಅದು ನಾನು ಕಣ್ಣುಮುಚ್ಚಿಕೊಂಡು ನುಂಗುವ ಹಾಗಲಕಾಯಿ, ಹುರುಳಿಕಾಳುಗಳ ಪುಣ್ಯ.

ನನ್ನ ಹೆಸರು ಜವರಮ್ಮ. ನಾನು ನಡುವಿನವಳು. ಇನ್ನೊಬ್ಬರ ಬಾಯಿಂದ ಬದುಕುವವರ ನಡುವೆ ಜಗಳ ಬಹಳ ಸುಲಭ. ಆದ್ದರಿಂದ ಹಿರಿಯರು ಎರಡು ಕಟ್ಟು ಮಾಡಿಟ್ಟಿದ್ದರು. ಇದನ್ನು ತಿನ್ನು, ಅದನ್ನು ಬಿಡು ಎಂದು ಜೋಡಿಗೆ ಜೋಡಿ ನೇರವಾಗಿ ಹೇಳಬಾರದು. ಅದು ಕೈಚಾಚಿ ಬೇಡಿದ ಹಾಗೆ. ಜೋಡಿ ಉಣ್ಣುವುದನ್ನು ಜೋಡಿ ನೋಡಬಾರದು. ನೋಡಿದರೆ ಇಬ್ಬರಿಗೂ ಅನ್ನದ ಮೇಲಿನ ಆಸೆ ಹೋಗುತ್ತದೆ ಅನ್ನುವ ನಂಬಿಕೆ. ಹೀಗಾಗಿ ಈ ಮನೆಯ ಮಾತು ಆ ಮನೆಗೆ ಮುಟ್ಟಿಸಲು ನನ್ನಂಥ ಕೆಲವರು ಇದ್ದೆವು. ‘ಆ ಮನೆಯಾಕೆಗೆ ಹಲ್ಲಿನ ಸಂದಿಯಲ್ಲಿ ರಕ್ತ ಬರ್ತಾ ಐತಂತೆ’ ಎಂದು ಜಗಲಿಯ ಮೇಲೆ ಕೂತು ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಕೇಳಿಸಿಕೊಂಡವನು ಮಾರನೆಯ ದಿನ ನಿಂಬೆಹಣ್ಣು ತರುತ್ತಿದ್ದ. ಕೆಲವೇ ದಿನಗಳಲ್ಲಿ ಆ ಮನೆಯಾಕೆಯ ವಸಡು ಗಟ್ಟಿಯಾಗುತ್ತಿತ್ತು. ಇಷ್ಟು ವರ್ಷ ನೋಡಿಯೂ ನನಗೆ ಇದು ಹಳೆಯದಾಗಲಿಲ್ಲ. ಒಬ್ಬ ಅಲ್ಲಿ ನಿಂಬೆಹುಳಿ ಹೀರಿ ಮುಖ ಕಿವುಚಿದ್ದು ಇನ್ನೊಬ್ಬಳ ಹಲ್ಲಿನ ಬುಡಕ್ಕೆ ದಾರಿ ತಿಳಿದುಕೊಂಡು ಹೋಗುತ್ತದಲ್ಲ, ಕಾಲಿಗೆ ಹೋಗುವುದಿಲ್ಲ, ಕಿವಿಗೆ ಹೋಗುವುದಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಬಸುರಿಯರ ಬಾಯಿಗೆ ರಜೆ. ಹೊಟ್ಟೆಯ ಕೂಸಿಗೆ ಬೇಕಾದದ್ದು ಜೋಡಿಯ ಬಾಯಿಂದ ಬರುವುದರಿಂದ ಬಸುರಿ ಏನು ತಿಂದರೂ, ತಿನ್ನದಿದ್ದರೂ ಕೂಸಿಗೆ ಬಾಧೆಯಿಲ್ಲ. ಅವಳಿಗೆ ಬಯಕೆಯಾದದ್ದು ತಿನ್ನಲಿ, ಓಕರಿಕೆಯಾದರೆ ಬಿಡಲಿ, ಯಾರೂ ಏನೂ ಕೇಳಬಾರದು. ನಾಲ್ಕು ತಿಂಗಳು ಸೊರಗಿದರೆ ಜೋಡಿ ಸೊರಗಲಿ, ಹೆಣ್ಣಿನ ಜೀವಕ್ಕೆ ಅಷ್ಟಾದರೂ ಸುಖ ಬೇಡವೇ ಎಂದು ಮಾಡಿದ ಪದ್ಧತಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಾನೂ ನನ್ನ ಮೂರು ಬಸುರಿನಲ್ಲಿ ಆ ರಜೆಯನ್ನು ಚೆನ್ನಾಗಿ ಅನುಭವಿಸಿದವಳೇ.

ಆ ವರ್ಷ ಚಳಿಗಾಲದಲ್ಲಿ ಕುಂಬಾರಬೀದಿಯ ಹೊಂಬಾಳಮ್ಮ ನನಗೆ ಹೇಳಿಕಳಿಸಿದಳು. ಅವಳ ಸೊಸೆ ತಿಮ್ಮಾಜಿಗೆ ಆರು ತಿಂಗಳು ತುಂಬಿತ್ತು. ಹಿಂದಿನ ವರ್ಷದ ಕೂಸು ದಿನ ತುಂಬದೆ ಹುಟ್ಟಿ, ಅತ್ತು ಮುಗಿಸುವ ಮೊದಲೇ ಹೋಗಿತ್ತು. ಹೊಂಬಾಳಮ್ಮ ಸೊಸೆಯ ಕೈಯನ್ನು ನನ್ನ ಮುಂದೆ ಹಿಡಿದಳು. ಉಗುರು ಸುಣ್ಣದ ಹಾಗೆ ಬೆಳ್ಳಗಿದ್ದವು, ನಡುವೆ ತಗ್ಗಾಗಿ ಚಮಚದ ಹಾಗೆ ಬಾಗಿದ್ದವು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಅಲ್ಲೂ ರಕ್ತವಿರಲಿಲ್ಲ.

‘ಸಂಜೆ ಆದ್ರೆ ಹೊಸ್ತಿಲು ಕಾಣ್ದೆ ಎಡವ್ತಾಳೆ. ಕೂಸು ಆಡ್ತಾ ಇಲ್ಲ ಕಣಕ್ಕ’ ಎಂದಳು ಹೊಂಬಾಳಮ್ಮ. ‘ಆ ಮುದುಕ ಬಾಯಿಗೇನು ಬೀಗ ಹಾಕ್ಕಂಡವ್ನಾ ಕೇಳ್ಕಂಡ್ ಬಾ. ಒಂದು ಕೂಸನ್ನ ಕಳಕಂಡಾಯ್ತು. ಇದನ್ನೂ ಕಳೀತಾನಂತಾ?’

ತಿಮ್ಮಾಜಿ ಮಡಕೆ ಒಣಗಿಸುವ ಚಪ್ಪರದ ಕೆಳಗೆ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಒಳಗಿನಿಂದ ಯಾರಾದರೂ ಬಾಗಿಲು ಬಡಿಯುತ್ತಾರೇನೋ ಎಂದು ಕಾಯುವವಳ ಹಾಗೆ ಕೂತಿದ್ದಳು.

ಅವಳ ಜೋಡಿ ದ್ಯಾವೀರಯ್ಯ. ಬೀಸುಕಲ್ಲು ಸವೆದು ನುಣುಪಾದಾಗ ಅದಕ್ಕೆ ಉಳಿಯಿಂದ ಹಲ್ಲು ಕುಟ್ಟುವ ಕೆಲಸ ಅವನದು. ಹೆಂಡತಿ ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ತಿಮ್ಮಾಜಿ ಮೊದಲ ತುತ್ತು ನುಂಗಿದ ದಿನ ಅಂಗಾಲು ಬೆಚ್ಚಗಾಗಿ, ಉಳಿಯನ್ನು ಅಲ್ಲೇ ಬಿಟ್ಟು ಊರೆಲ್ಲ ಓಡಾಡಿ ಅವಳನ್ನು ಹುಡುಕಿದವನು ಅವನು. ಅವಳಿಗೆ ಹಲ್ಲು ಬರುವ ಕಾಲಕ್ಕೆ ಹಲ್ಲಿಗೆ ಒಳ್ಳೆಯದೆಂದು ಬೇಸರವಿಲ್ಲದೆ ರಾಗಿ ಅಂಬಲಿ ಕುಡಿದವನು. ನಾನು ಹೋದಾಗ ಜಗಲಿಯ ಮೇಲೆ ಒಡೆದ ಬೀಸುಕಲ್ಲೊಂದರ ಪಕ್ಕ ಕಾಲು ಚಾಚಿ ಕೂತಿದ್ದ. ಸುತ್ತ ಮುಚ್ಚಿದ ಪಾತ್ರೆಗಳು. ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿ ಕಟ್ಟು, ಮೊಟ್ಟೆ, ಎಳ್ಳುಂಡೆ. ವಿಷಯ ತಿಳಿದು ಬೀದಿಯವರೇ ತಂದಿಟ್ಟಿದ್ದರು. ಯಾವುದರ ತಟ್ಟೆಯೂ ಸರಿದಿರಲಿಲ್ಲ.

ಎದುರುಮನೆಯ ಹೆಂಗಸು ಕಸ ಗುಡಿಸುತ್ತಾ ನನಗೆ ಕೇಳುವ ಹಾಗೆ, ‘ಮುಂದಕ್ಕಿಟ್ಟಿದ್ದನ್ನ ತಿನ್ನಕ್ಕೂ ಮೈಗಳ್ಳತನ ಮಾಡೋ ಗಂಡಸನ್ನ ಇವತ್ತೇ ನೋಡಿದ್ದು’ ಎಂದಳು.

‘ಅವಳು ಹೇಳೋದು ಸರಿಯಾಗೇ ಐತೆ ಜವರಿ’ ಎಂದ ದ್ಯಾವೀರಯ್ಯ. ಅವನ ತುಟಿಯ ಎರಡೂ ಮೂಲೆ ಸೀಳಿದ್ದವು. ‘ಹೋದ್ ವರ್ಷದ ಕೂಸನ್ನ ನಾನೇ ತಿಂದ್ಕಂಡೆ ಅಂತಾರೆ. ತಿನ್ನದೇ ಇರೋದ್ರಿಂದ ತಿಂದ್ಕಂಡೆ. ಎಂಥಾ ಮಾತು ನೋಡು.’

‘ಯಾಕಣ್ಣ ಉಣ್ಣಕ್ಕಾಗಲ್ಲ?’

ಅವನು ಬಾಯಿ ತೆರೆದು ತೋರಿಸಿದ. ನಾಲಿಗೆ ಸಿಪ್ಪೆ ಸುಲಿದ ಹಾಗೆ ಕೆಂಪಾಗಿ ನುಣ್ಣಗಿತ್ತು. ‘ಅನ್ನ ಇಟ್ರೆ ಕೆಂಡ. ಸಾರು ಇಟ್ರೆ ಕೆಂಡದ ಮೇಲೆ ಉಪ್ಪು. ಮೂಗು ಹಿಡ್ಕಂಡು ನುಂಗ್ತೀನಿ, ಒಳಗೆ ನಿಲ್ಲಲ್ಲ. ಹೋದ್ ವರ್ಷಾನೂ ಇದೇ ಕಾಲಕ್ಕೆ ಹಿಂಗೇ ಆಗಿತ್ತು. ಆ ಕೂಸು ಹೋದ್ಮೇಲೆ ತಾನೇ ವಾಸಿ ಆಯ್ತು. ಪಾಪ ಮಾಡಿದ್ದಕ್ಕೆ ಬಂತು, ಮುಗಿದ್ಮೇಲೆ ಹೋಯ್ತು ಅಂದ್ಕಂಡೆ.’

ನಾನು ಸಮಾಧಾನದ ಮಾತು ಹುಡುಕುತ್ತಾ ತಲೆ ತಗ್ಗಿಸಿದೆ. ಅವನ ಎಡಗಾಲಿನ ಕೆಳಗೆ ಕಲ್ಲುಹುಡಿ ಒದ್ದೆಯಾಗಿ ಕಪ್ಪಾಗಿತ್ತು. ಬಗ್ಗಿ ನೋಡಿದರೆ ಅಂಗಾಲಿನಲ್ಲಿ ಬೆರಳುದ್ದದ ಕಲ್ಲುಚೂರು ನೆಟ್ಟಿತ್ತು, ರಕ್ತ ಇಳಿಯುತ್ತಿತ್ತು.

‘ಅಣ್ಣ, ಕಾಲು’ ಎಂದೆ.

‘ಕಾಲಿಗೇನು?’ ಎಂದ ಅವನು.

ನಾನು ಆ ಚೂರನ್ನು ಕಿತ್ತೆ. ಅವನು ನನ್ನ ಮುಖ ನೋಡುತ್ತಿದ್ದ, ನಾನು ಅವನ ಕಾಲಿನಲ್ಲಿ ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯಲೇ ಇಲ್ಲ. ಇಂಥ ಕಾಲನ್ನು ಹಿಂದೆ ನಮ್ಮೂರೆಲ್ಲ ನೋಡಿತ್ತು. ಮೊದಲ ಸಲ ಅಕ್ಕಿ ಮಿಲ್ಲು ಬಂದಾಗ ಮೇಲಿನ ಬೀದಿಯವರು ಮಲ್ಲಿಗೆಯಂಥ ಬಿಳಿ ಅನ್ನಕ್ಕೆ ಮರುಳಾಗಿ ಬೇರೆ ಏನೂ ತಿನ್ನದಾದರು. ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಬೀದಿಯಲ್ಲಿದ್ದ ಅವರ ಜೋಡಿಗಳು ಕಾಲೆಳೆಯತೊಡಗಿದರು. ಚಪ್ಪಲಿ ಕಳಚಿಹೋದದ್ದೂ ತಿಳಿಯದೆ ನಡೆಯುತ್ತಿದ್ದರು. ಮಿಲ್ಲಿನಲ್ಲಿ ಉದುರಿದ ತವುಡು ತಿಂದು ದನಗಳು ಮಾತ್ರ ಕುಣಿಯುತ್ತಿದ್ದವು. ಅಕ್ಕಿಯ ಮೇಲಿನ ಆ ತೆಳ್ಳನೆಯ ಕೆಂಪು ಪೊರೆ, ಕೈಯಲ್ಲಿ ಉಜ್ಜಿದರೆ ಹಾರಿಹೋಗುವಂಥದ್ದು, ಒಬ್ಬ ಗಂಡಸಿನ ಕಾಲಿನ ಅರಿವನ್ನು ಹಿಡಿದಿಟ್ಟಿರುತ್ತದೆ ಎಂದು ಆಗ ಊರಿಗೆ ಗೊತ್ತಾಯಿತು. ಆವತ್ತಿನಿಂದ ಯಾವ ಮನೆಯಲ್ಲೂ ಬರೀ ಬಿಳಿ ಅನ್ನ ಉಣ್ಣುವವರಿಲ್ಲ.

ಹಾಗಾದರೆ ಈ ಕಾಲು ಯಾರ ಬಾಯಿಂದ ಬಂತು? ನಾವೆಲ್ಲ ಈ ಮುದುಕನ ಬಾಯಿಯ ಸುತ್ತ ಪಾತ್ರೆ ಜೋಡಿಸಿ ಕೂತಿದ್ದೆವು. ಅವನ ನಾಲಿಗೆಗೆ, ಅವನ ಹೊಟ್ಟೆಗೆ ಸತ್ವ ಎಲ್ಲಿಂದ ಬರಬೇಕು ಎಂದು ಯಾರೂ ಕೇಳಿರಲಿಲ್ಲ. ಕೇಳುವ ಹಾಗಿರಲಿಲ್ಲ. ಅಲ್ಲಿ ರಜೆ ಇತ್ತು.

ನಾನು ಅವನ ಕಾಲಿಗೆ ಬಟ್ಟೆ ಸುತ್ತಿ ನೇರ ಕುಂಬಾರಬೀದಿಗೆ ಬಂದೆ. ಹೊಂಬಾಳಮ್ಮ ಮಡಕೆ ಸುಡುವ ಆವಿಗೆಯ ಹತ್ತಿರ ಬೂದಿ ಎಳೆಯುತ್ತಿದ್ದಳು. ತಿಮ್ಮಾಜಿಯ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಅದೂ ಇದೂ ಮಾತಾಡಿದೆ. ಮಾತಿನ ನಡುವೆ ಅವಳ ದವಡೆಯಿಂದ ಕಟುಂ ಎಂದು ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೊಂದು. ತುಟಿಯ ಮೇಲೆ ಬಿಳಿ ಹುಡಿ.

‘ತಿಮ್ಮಾಜಿ, ಸೆರಗಿನ ಗಂಟಲ್ಲಿ ಏನೈತೆ?’ ಎಂದೆ.

ಅವಳ ಮುಖ ಕೆಂಪಾಗಬೇಕಿತ್ತು, ಕೆಂಪಾಗಲು ರಕ್ತವೇ ಇರಲಿಲ್ಲ. ಗಂಟು ಬಿಚ್ಚಿದಳು. ಬಿಳಿ ಅಕ್ಕಿ. ಅದರ ಜೊತೆಗೆ ಸೋಸಿದ ಜೇಡಿಮಣ್ಣಿನ ಸಣ್ಣ ಸಣ್ಣ ಬಿಲ್ಲೆ, ನಯವಾಗಿ ತಟ್ಟಿ ಒಣಗಿಸಿದ್ದು.

‘ಬೇಯಿಸಿದ್ದರ ವಾಸ್ನೆ ಬಂದ್ರೆ ಕರುಳೇ ಬಾಯಿಗೆ ಬತ್ತದೆ ಜವರಕ್ಕ. ಇವೆರಡೇ ಒಳಗೆ ನಿಲ್ಲೋದು. ಮಣ್ಣಿನ ವಾಸ್ನೆ ಮಾತ್ರ ಚೆಂದ, ಮೊದಲ ಮಳೆ ಬಿದ್ದಂಗೆ’ ಎಂದಳು. ಆಮೇಲೆ ಮೆಲ್ಲಗೆ, ‘ನನ್ನ ಬಾಯಿಗೆ ರಜಾ ಅಲ್ವಾ? ನಾನೇನ್ ತಿಂದ್ರೆ ಕೂಸಿಗೇನು?’

‘ಹೋದ ಸಲಾನೂ ಇದೇ ತಿಂದ್ಯಾ?’

ಅವಳು ತಲೆಯಾಡಿಸಿದಳು.

ಹಿಂದೆ ಹೊಂಬಾಳಮ್ಮ ನಿಂತಿದ್ದಳು, ಕೈತುಂಬ ಬೂದಿ. ‘ಏನ್ ಜವರಕ್ಕ, ಬಸುರಿ ಬಾಯಿ ಲೆಕ್ಕ ಕೇಳ್ತಾ ಇದ್ದೀಯ? ನಡುವಿನೋಳಾಗಿ ಇಷ್ಟೂ ತಿಳೀಬಾರದಾ? ನಾಳೆ ಬೀದೀಲಿ ಯಾರಾದ್ರೂ ನಿನ್ನನ್ನ ಒಳಗೆ ಬಿಟ್ಕೊತಾರಾ?’

‘ಬಿಟ್ಕೊಳ್ದಿದ್ರೆ ಜಗಲಿ ಮೇಲೆ ಕೂರ್ತೀನಿ. ನೀನು ಮೊದ್ಲು ಇಲ್ಲಿ ಕೂತ್ಕೋ’ ಎಂದು ಅವಳನ್ನು ಕೂರಿಸಿ ಹೇಳಿದೆ. ‘ಇವಳು ಅಕ್ಕಿ ಮಣ್ಣು ಬಿಟ್ಟು ಬೇರೆ ತಿಂದಿಲ್ಲ. ಬಿಳಿ ಅಕ್ಕಿಯಲ್ಲಿ ಕಾಲಿಗೂ ನಾಲಿಗೆಗೂ ಬೇಕಾದ್ದಿಲ್ಲ. ಮಣ್ಣಂತೂ ಇರೋ ಬರೋ ಸತ್ವಾನೂ ಹೀರ್ಕಂಡು ತನ್ನ ಜೊತೇಲೇ ತಗಂಡು ಹೋಗ್ತದೆ. ಅಲ್ಲಿ ಆ ಮುದುಕನ ಬಾಯಿ ಹುಣ್ಣಾಯ್ತು, ಹೊಟ್ಟೆ ಸೋತೋಯ್ತು, ಅವನು ಉಣ್ಣದಾದ. ಅವನು ಉಣ್ಣದೇ ಇದ್ದಿದ್ದಕ್ಕೆ ಇವಳ ರಕ್ತ ಹೋಯ್ತು. ರಕ್ತ ಹೋದೋಳಿಗೇ ಮಣ್ಣಿನ ಮೇಲೆ ಇನ್ನೂ ಆಸೆ ಜಾಸ್ತಿ. ಇನ್ನೂ ಮಣ್ಣು ತಿಂದ್ಲು. ಇದು ಬೀಸುಕಲ್ಲು ಸುತ್ತಿದಂಗೆ ಸುತ್ತುತಾ ಐತೆ, ನಡುವೆ ಸಿಕ್ಕಿರೋದು ಕೂಸು.’

ಆ ಮಣ್ಣಿನ ಬಿಲ್ಲೆಗಳನ್ನು ಸೊಸೆಗೆಂದು ತಟ್ಟಿ ಒಣಗಿಸಿದ್ದು ಹೊಂಬಾಳಮ್ಮನೇ. ಬಯಕೆಗೆ ಇಲ್ಲವೆನ್ನಬಾರದೆಂದು ಒಳ್ಳೆಯ ಜೇಡಿಯನ್ನು ಬಟ್ಟೆಯಲ್ಲಿ ಸೋಸಿ ಮಾಡಿದ್ದಳು, ಹೋದ ವರ್ಷವೂ, ಈ ವರ್ಷವೂ. ಅವಳು ಎದ್ದು ಬಿಲ್ಲೆಗಳ ಮೊರವನ್ನು ತಂದು, ನೀರಿನ ತೊಟ್ಟಿಗೆ ಸುರಿದು, ಅವು ಕರಗುವ ತನಕ ಅಲ್ಲೇ ನಿಂತಳು. ಆಮೇಲೆ ಕೈ ತೊಳೆದುಕೊಂಡು, ‘ಈಗ ಯಾರು ಮೊದ್ಲು ಉಣ್ಬೇಕು ಹೇಳು’ ಎಂದಳು.

ಅದೇ ಕಷ್ಟದ ಮಾತು. ಅವನು ಉಂಡರೆ ಇವಳಿಗೆ ಉಣ್ಣುವ ಶಕ್ತಿ ಬರಬೇಕು. ಇವಳು ಉಂಡರೆ ಅವನ ಬಾಯಿ ಮಾಯಬೇಕು. ಇಬ್ಬರಿಗೂ ಆಗದು. ಒಬ್ಬರು ಪ್ರಯತ್ನಪಟ್ಟು ಇನ್ನೊಬ್ಬರು ಬಿಟ್ಟರೆ ಪಟ್ಟದ್ದು ದಂಡ. ಒಟ್ಟಿಗೇ ಆಗಬೇಕು, ಒಬ್ಬರು ಉಣ್ಣುತ್ತಿದ್ದಾರೆ ಎಂದು ಇನ್ನೊಬ್ಬರಿಗೆ ನಂಬಿಕೆ ಇರಬೇಕು. ನಾನು ಅತ್ತ ಇತ್ತ ಓಡಾಡಿ ಹೇಳುವ ಮಾತಿನಿಂದ ಆ ನಂಬಿಕೆ ಬರುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಡುವಿನವರು ಅರ್ಧ ಸಿಹಿಮಾಡಿ ಹೇಳುತ್ತಾರೆ ಎಂದು ಊರಿಗೇ ಗೊತ್ತು.

ಮಾರನೆಯ ದಿನ ಹಾಡಹಗಲಲ್ಲಿ ತಿಮ್ಮಾಜಿಯನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಹೊಂಬಾಳಮ್ಮ ಹಿಡಿದುಕೊಂಡು ದ್ಯಾವೀರಯ್ಯನ ಜಗಲಿಗೆ ಕರೆದುಕೊಂಡು ಹೋದೆವು. ಬೀದಿಯ ಬಾಗಿಲುಗಳೆಲ್ಲ ತೆರೆದವು. ನಮ್ಮ ಕೈಯಲ್ಲಿ ಪಾತ್ರೆ ಕಂಡು ಕೆಲವರು ಮುಖ ತಿರುಗಿಸಿದರು, ಮಕ್ಕಳ ಕಣ್ಣು ಮುಚ್ಚಿದರು. ದ್ಯಾವೀರಯ್ಯ ಗಾಬರಿಯಿಂದ ಏಳಲು ಹೋದ, ಕಾಲು ಕೇಳಲಿಲ್ಲ.

‘ಇದೇನವ್ವ ಇದು, ಕೂಸೆ, ನೀನು ಇಲ್ಲಿಗೆ ಬರಬಾರದು. ನನ್ನ ಕಂಡ್ರೆ ನಿನಗೆ ಅನ್ನದ ಮೇಲಿನ ಆಸೆ ಹೋಯ್ತದೆ.’

‘ಹೋಗಿದ್ದಾಯ್ತು ತಾತ. ಇನ್ನೇನು ಹೋಗಕ್ಕೈತೆ?’ ಎಂದಳು ತಿಮ್ಮಾಜಿ. ಅವನ ಎದುರಿಗೆ, ಬೀಸುಕಲ್ಲಿನ ಆಚೆ ಕೂತಳು.

ಬೇಯಿಸಿದ ವಾಸನೆ ಆಗದವಳಿಗೆ ಹಿಂದಿನ ದಿನದ ರಾಗಿ ಅಂಬಲಿಯನ್ನು ತಣ್ಣಗೆ ಮಾಡಿ ತಂದಿದ್ದೆವು. ಹುರಿದ ತವುಡಿಗೆ ಬೆಲ್ಲ ಸೇರಿಸಿ ಗೋಲಿಯಷ್ಟು ಉಂಡೆ ಕಟ್ಟಿದ್ದೆವು. ಬಾಯಿಗೆ ಕಟುಂ ಅನ್ನುವುದು ಬೇಕು ಎಂದು ಅವಳು ಹೇಳಿದ್ದರಿಂದ ಕೆಂಪಕ್ಕಿಯ ಅವಲಕ್ಕಿ, ಕಡಲೆಕಾಯಿಬೀಜ ಹುರಿದು ತಂದಿದ್ದೆವು. ದ್ಯಾವೀರಯ್ಯನಿಗೆ ನುಗ್ಗೆಸೊಪ್ಪು, ಹೆಸರುಕಾಳು ಬೇಯಿಸಿ, ಉಪ್ಪು ಖಾರ ಹಾಕದೆ, ಅವನೇ ಹಲ್ಲು ಕುಟ್ಟಿದ ಒರಳಿನಲ್ಲಿ ಗಂಧದ ಹಾಗೆ ಅರೆದು, ಬೆಣ್ಣೆ ಕಲಸಿ ಆರಿಸಿದ್ದೆವು. ಸೊಪ್ಪು ರಕ್ತವಾಗಬೇಕಾದರೆ ನೆಲ್ಲಿಕಾಯಿ ರಸ ಬೇಕೇ ಬೇಕು, ಹುಳಿ ಅವನ ನಾಲಿಗೆಗೆ ಆಗದು. ಅದಕ್ಕೆ ಪರಂಗಿ ಎಲೆಯ ಟೊಳ್ಳು ದಂಟು ಕತ್ತರಿಸಿ ತಂದಿದ್ದೆ. ದಂಟಿನ ತುದಿಯನ್ನು ನಾಲಿಗೆಯ ಹಿಂದಕ್ಕೆ ಸರಿಸಿ ಹೀರಿದರೆ ಗಂಟಲಿಗೇ ಬೀಳುತ್ತದೆ. ಊಟದ ಮೇಲೆ ಅವನು ಕುಡಿಯುವ ಕಡುಚಹಾವನ್ನು ಬಾಯಿ ಬಿಟ್ಟು ಬೇಡವೆಂದೆ, ಅದು ಸೊಪ್ಪಿನ ಸತ್ವವನ್ನು ದಾರಿಯಲ್ಲೇ ತಡೆಯುತ್ತದೆ. ನಡುವಿನವಳು ನೇರವಾಗಿ ಬೇಡವೆಂದದ್ದು ಅದೇ ಮೊದಲು.

ಮೊದಲ ಗುಟುಕು ಅಂಬಲಿ ತಿಮ್ಮಾಜಿಗೆ ನಿಲ್ಲಲಿಲ್ಲ. ಚರಂಡಿಯ ಕಡೆ ಬಗ್ಗಿದಳು. ಬೀದಿಯಲ್ಲಿ ಯಾರೋ ‘ಹೇಳಿರಲಿಲ್ವಾ’ ಎಂದರು. ಅವಳು ಬಾಯಿ ಮುಕ್ಕಳಿಸಿ, ಮತ್ತೆ ಬಂದು ಕೂತು, ತವುಡಿನ ಗೋಲಿಯೊಂದನ್ನು ಕೈಯಲ್ಲಿ ಹಿಡಿದು ಮುದುಕನನ್ನು ನೋಡಿದಳು. ಮುದುಕ ಪರಂಗಿ ದಂಟನ್ನು ಬಾಯಿಗಿಟ್ಟುಕೊಂಡು ಅವಳನ್ನು ನೋಡುತ್ತಿದ್ದ, ಕಣ್ಣಲ್ಲಿ ನೀರು.

‘ನೀವು ಹೀರಿ ತಾತ.’

‘ನೀನು ಅಗಿ ಮಗ.’

‘ಉರೀತದಾ?’

‘ಉರೀತದೆ. ನಿಂಗೆ?’

‘ಒಕ್ಕರಿಸ್ತದೆ.’

‘ಹಂಗಾದ್ರೆ ಸರಿ, ಇಬ್ರೂ ಸಮ’ ಎಂದು ಅವನು ಹೀರಿದ. ಅವಳು ಅಗಿದಳು. ಅವಳಿಗೆ ನಿಂತಿತು. ಇನ್ನೊಂದು ಗೋಲಿ. ಅವನಿಗೆ ಇನ್ನೊಂದು ಗುಟುಕು, ಆಮೇಲೆ ಸೊಪ್ಪಿನ ಅರಪು ಒಂದು ಬೆರಳು. ಎದುರುಮನೆಯ ಹೆಂಗಸು ಪೊರಕೆ ಹಿಡಿದೇ ನಿಂತಿದ್ದಳು. ನಿಂತವರು ಒಬ್ಬೊಬ್ಬರಾಗಿ ಕೂತರು. ಜೋಡಿ ಜೋಡಿಯಾಗಿ ಉಣ್ಣುವುದು ಹೇಗಿರುತ್ತದೆ ಎಂದು ನಮ್ಮೂರಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಕೊನೆಗೆ ದ್ಯಾವೀರಯ್ಯ ಎಳ್ಳುಬೆಲ್ಲ ಅರೆದದ್ದನ್ನು ಕಷ್ಟಪಟ್ಟು ನುಂಗಿದ. ನುಂಗಿ ಸುಧಾರಿಸಿಕೊಳ್ಳುತ್ತಿದ್ದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹೋಗಿರಬೇಕು. ತಿಮ್ಮಾಜಿ ಇದ್ದಕ್ಕಿದ್ದಂತೆ ಅಗಿಯುವುದನ್ನು ನಿಲ್ಲಿಸಿದಳು. ಅವಳು ಅತ್ತೆಯ ಕೈ ಹಿಡಿದು ಹೊಟ್ಟೆಯ ಎಡಭಾಗಕ್ಕೆ ಒತ್ತಿಕೊಂಡಳು. ಹೊಂಬಾಳಮ್ಮ ಕೈಯನ್ನು ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡಿ ತಲೆಯಾಡಿಸಿದಳು. ಸೀರೆಯ ಮೇಲೇ ನನಗೂ ಕಂಡಿತು. ಒಳಗಿನಿಂದ ಒಂದು ಸಣ್ಣ ಹಿಮ್ಮಡಿ ಉಬ್ಬಿ, ಸರಿದು, ಮುಳುಗಿತು.

‘ಏನಾಯ್ತು?’ ಎಂದ ದ್ಯಾವೀರಯ್ಯ.

‘ನಿಮ್ಮ ಬೆಲ್ಲ ತಲುಪ್ತು ತಾತ’ ಎಂದಳು ತಿಮ್ಮಾಜಿ.

ಅವನು ತನ್ನ ಖಾಲಿ ಅಂಗೈ ನೋಡಿಕೊಂಡ. ‘ಹುಡುಗನಾದಾಗಿಂದ ಕಲ್ಲಿಗೆ ಹಲ್ಲು ಕುಟ್ತಾ ಬಂದೆ ಜವರಿ. ಕಲ್ಲು ರಾಗೀನ ಹಿಟ್ಟು ಮಾಡ್ತದೆ, ಅಷ್ಟೇ ಅದರ ಕೈಲಾಗೋದು. ಹಿಟ್ಟನ್ನ ರಕ್ತ ಮಾಡೋ ಕಲ್ಲು, ಸೊಪ್ಪನ್ನ ಉಗುರು ಮಾಡೋ ಕಲ್ಲು ನಾನು ಕುಟ್ಟಿಲ್ಲ. ಯಾರು ಕುಟ್ಟವ್ರೆ ಹೇಳು. ಎಲ್ಲರ ಒಳಗೂ ಒಂದೊಂದು ಇಟ್ಟವ್ರಲ್ಲ. ನಾವು ಮಲಗಿದ್ರೂ ಅದು ಬೀಸ್ತಾನೇ ಇರ್ತದೆ.’

ಮುದ್ದೆ ನುಂಗಿದ್ದು ಒಳಗೆ ಬಿಡಿಬಿಡಿಯಾಗಿ, ಸಿಹಿಯಾಗಿ, ಕಾಲು ಕೈಗೆ ಕಾವು ಕೊಡುತ್ತದೆ. ಕಾಳು ತಿಂದದ್ದನ್ನು ಮೈ ಪೂರ್ತಿ ಬಿಚ್ಚಿ, ತನಗೆ ಬೇಕಾದ ಹಾಗೆ ಮತ್ತೆ ಕಟ್ಟಿಕೊಳ್ಳುತ್ತದೆ, ಹಳೆಯ ಮನೆಯ ಇಟ್ಟಿಗೆ ಬಿಚ್ಚಿ ಹೊಸ ಮನೆ ಕಟ್ಟುವವರ ಹಾಗೆ. ಮಿಕ್ಕಿದ್ದನ್ನು ಎಸೆಯದೆ ಸೊಂಟದ ಸುತ್ತ ಕಾಪಿಡುತ್ತದೆ, ಅದಕ್ಕೆ ನಾನೇ ಸಾಕ್ಷಿ. ಹೊಟ್ಟೆಯಲ್ಲಿ ಕೂಸಿದ್ದು, ಹೊರಗಿಂದ ಬರುವುದು ಸಾಲದೆ ಹೋದರೆ ತಾಯಿಯ ಮೂಳೆಯಿಂದಲೇ ಕಿತ್ತು ಕೂಸಿನ ಮೂಳೆಗೆ ಕೊಡುತ್ತದೆ, ಅವಳನ್ನು ಒಂದು ಮಾತು ಕೇಳುವುದಿಲ್ಲ. ಉಪ್ಪಿನ ಕಾಳಿಗಿಂತ ಕಡಿಮೆ ಬೇಕಾದ ವಸ್ತುವೂ ಇದೆ, ಅದಿಲ್ಲದಿದ್ದರೆ ಇಷ್ಟು ದೊಡ್ಡ ಮೈ ನಿಂತುಹೋಗುತ್ತದೆ. ಇದೆಲ್ಲ ಬೇರೆ ಊರುಗಳಲ್ಲಿ ಒಂದೇ ಮೈಯೊಳಗೆ ನಡೆಯುತ್ತದಂತೆ, ತಿಂದವರಿಗೇ ಸೇರುತ್ತದಂತೆ. ಹಾಗಿದ್ದರೆ ಅಲ್ಲಿಯವರು ಇದನ್ನು ನೋಡುವುದಾದರೂ ಹೇಗೆ?

ಆಮೇಲೆ ದಿನವೂ ಹಾಗೇ ನಡೆಯಿತು. ತಿಮ್ಮಾಜಿ ಬರುವಳು, ಬೀಸುಕಲ್ಲಿನ ಆಚೆ ಕೂರುವಳು. ಅವಳು ತವುಡು ತಿಂದಂತೆಲ್ಲ ಅವನ ನಾಲಿಗೆಯ ಕೆಂಪು ಇಳಿಯಿತು, ತುಟಿಯ ಸೀಳು ಕೂಡಿತು. ಅವನಿಗೆ ಖಾರ ಹಿಡಿಸುವ ಹೊತ್ತಿಗೆ ಅವಳಿಗೆ ಬಿಸಿ ಅನ್ನದ ವಾಸನೆ ಹಿಡಿಸಿತು. ಅವಳ ಉಗುರಿನ ಬುಡದಲ್ಲಿ ಮೊದಲು ಒಂದು ಗೆರೆ ಕೆಂಪು ಮೂಡಿ, ದಿನದಿನಕ್ಕೆ ಮೇಲೇರಿತು. ಅವನು ಕುಂಬಳದ ಪಲ್ಯಕ್ಕೆ ಎಣ್ಣೆ ಹಾಕಿಸಿಕೊಂಡು ತಿಂದ, ಅವಳು ಸಂಜೆ ಎಡವುವುದು ನಿಂತಿತು. ಈಗ ಅವರಿಬ್ಬರೂ ನೇರವಾಗಿಯೇ ಬೈದಾಡಿಕೊಳ್ಳುತ್ತಿದ್ದರು. ‘ಸೊಪ್ಪು ತಟ್ಟೆ ಅಂಚಿಗೆ ತಳ್ಬೇಡಿ ತಾತ, ನನ್ನ ಕೂಸಿನ ತಲೆಗೂದಲು ಅದು’ ಎಂದು ಅವಳು. ‘ನೀನು ಕದ್ದು ಒಂದು ಚೂರು ಮಣ್ಣು ತಿಂದ್ರೂ ನನ್ನ ನಾಲಿಗೆ ಹೇಳ್ತದೆ ಕಣೇ’ ಎಂದು ಅವನು. ಒಂದು ದಿನ ಅವಳು ನಿಜವಾಗಿ ಕದ್ದು ತಿಂದಿದ್ದಳಂತೆ. ನಾಲಿಗೆ ಏನೂ ಹೇಳಿರಲಿಲ್ಲ, ಅವನ ಮುಖ ನೋಡಿ ಅವಳೇ ಹೇಳಿಬಿಟ್ಟಳು.

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಕೈಗೆತ್ತಿಕೊಂಡರೆ ಭಾರ ತಿಳಿಯುವಂಥ ಮಗು. ಅತ್ತರೆ ಎರಡು ಬೀದಿಗೆ ಕೇಳುತ್ತಿತ್ತು. ಹೊಂಬಾಳಮ್ಮ ಅದನ್ನು ಎತ್ತಿಕೊಂಡು ಹೋಗಿ ದ್ಯಾವೀರಯ್ಯನ ಚಾಚಿದ ಕಾಲಿನ ಮೇಲೆ ಮಲಗಿಸಿದಳು. ಇವನೇ ಕೂಸನ್ನು ತಿಂದುಕೊಂಡವನು ಎಂದು ಮೊದಲು ಬೀದಿಗೆ ಹಬ್ಬಿಸಿದ್ದು ತಾನೇ ಎಂದು ಅಲ್ಲೇ, ಎಲ್ಲರ ಎದುರಿಗೆ ಹೇಳಿದಳು. ಅವನು ಮಗುವಿನ ಉಗುರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಮಗು ಅವನ ಪಾದದ ಮೇಲೆ ಉಚ್ಚೆ ಹೊಯ್ದಾಗ ನಾವು ಹೇಳುವ ತನಕ ಅವನಿಗೆ ಗೊತ್ತಾಗಲಿಲ್ಲ. ಹೊಂಬಾಳಮ್ಮ ಸೆರಗಿನಿಂದ ಅವನ ಕಾಲು ಒರೆಸಿದಳು.

ಬಾಯಿಗೆ ರಜೆ ಕೊಡುವ ಪದ್ಧತಿ ಆ ವರ್ಷವೇ ನಿಂತಿತು. ಹೊಸ ಬಸುರಿಯರು ಗೊಣಗಿದರು, ಈಗಲೂ ಗೊಣಗುತ್ತಾರೆ. ಜೋಡಿಗಳು ಎದುರುಬದುರು ಕೂತು ಉಣ್ಣುವುದು ಒಂದೊಂದೇ ಮನೆಯಲ್ಲಿ ರೂಢಿಯಾಯಿತು. ಗುಂಡಯ್ಯನೂ ಒಂದು ದಿನ ಬಳೆಯ ಮಲಾರ ಇಳಿಸಿ ನನ್ನೆದುರು ಕೂತ. ನನ್ನ ಸೊಂಟವನ್ನು ಒಮ್ಮೆ ಪೂರ್ತಿ ನೋಡಿ, ಕೈಯಲ್ಲಿದ್ದ ಮಿಠಾಯಿಯನ್ನು ಪೊಟ್ಟಣಕ್ಕೆ ಹಾಕಿ ಕಟ್ಟಿದ. ನಡುವಿನವರು ಯಾರಿಗೂ ಬೇಡವಾದರು. ನಾನು ಈಗ ತವುಡಿನ ಉಂಡೆ ಕಟ್ಟಿ ಮಾರುತ್ತೇನೆ.

ಆ ವರ್ಷ ಬಂದದ್ದು ಒಂದು ಹೆಣ್ಣುಮಗು, ಅದರ ತಾಯಿಯ ಉಗುರಿಗೆ ಬಣ್ಣ, ಒಬ್ಬ ಮುದುಕನಿಗೆ ಎದುರಿಗೆ ಕೂತು ಉಣ್ಣುವ ಜನ. ಹೋದದ್ದು ನನ್ನ ಕೆಲಸ, ದ್ಯಾವೀರಯ್ಯನ ಎರಡು ಅಂಗಾಲಿನ ಅರಿವು, ನಿಂತು ಕಲ್ಲು ಕುಟ್ಟುವ ಅವನ ಶಕ್ತಿ. ಹಿಂದಿನ ವರ್ಷದ ಕೂಸು ಅದಕ್ಕೂ ಮೊದಲೇ ಹೋಗಿತ್ತು.